ವಿಕಿರಣ ತುರ್ತು ಚಿಕಿತ್ಸೆ: ನರ್ಸ್‌ಗಳ ಒಂದು ದಿನದ ತರಬೇತಿ ಹೇಗಿತ್ತು?

ಉತ್ತರ ಕನ್ನಡದ ಒಂದು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ನನ್ನ ಡ್ಯೂಟಿ, ಹನ್ನೊಂದು ವರ್ಷದಿಂದ. ನಮ್ಮ ಜಿಲ್ಲೆಯಲ್ಲೇ ಕೈಗಾ ಅಣು ಸ್ಥಾವರ ಇದೆ. 220 ಮೆಗಾವಾಟ್‌ನ ನಾಲ್ಕು ಘಟಕ. ಆದರೂ 'ವಿಕಿರಣ ತಗುಲಿದ ರೋಗಿ ಬಂದರೆ ನಿಲ್ತೀರಾ ಸಿಸ್ಟರ್?' ಅಂತ ಯಾರಾದರೂ ಕೇಳಿದ್ದರೆ ಕಳೆದ ತಿಂಗಳವರೆಗೂ ನಾನು ತಲೆ ತಗ್ಗಿಸುತ್ತಿದ್ದೆ.

ಈ ತರಬೇತಿಯ ಮೊದಲ ಒಂದು ಗಂಟೆಯೇ ಸಾಕಿತ್ತು ಅನ್ನಿಸಿತು. ಎಕ್ಸ್‌ರೇ ತೆಗೆಸಿಕೊಂಡು ಬಂದವರಿಂದ ನಮಗೇನೂ ಅಂಟುವುದಿಲ್ಲ, ಅಲ್ವಾ? ಹೊರಗಿನಿಂದ ಗಾಮಾ ಕಿರಣ ಬಿದ್ದವರೂ ಹಾಗೇ. ಮೈಮೇಲೆ ವಿಕಿರಣ ಸೂಸುವ ಧೂಳು ಕೂತಿದ್ದರೆ ಮಾತ್ರ ಎಚ್ಚರ ಬೇಕು. ಬಟ್ಟೆ ತೆಗೆದರೆ ಅದರಲ್ಲೂ ನೂರಕ್ಕೆ 90ರಷ್ಟು ಹೋಗುತ್ತದೆ. ಉಸಿರು, ರಕ್ತಸ್ರಾವ ನೋಡುವುದು ಮೊದಲು, ತೊಳೆಯುವುದು ಆಮೇಲೆ.

ಇಂಥ ರೋಗಿ ಬರೋಕೆ ಸ್ಥಾವರವೇ ಇರಬೇಕು ಅಂತಿಲ್ಲ. 2010ರಲ್ಲಿ ದಿಲ್ಲಿಯ ಮಾಯಾಪುರಿ ಗುಜರಿ ಮಾರ್ಕೆಟ್ಟಿನಲ್ಲಿ ಕೋಬಾಲ್ಟ್-60 ಅನ್ನೋ ವಿಕಿರಣ ವಸ್ತು ಇದ್ದ ಹಳೇ ಯಂತ್ರ ಬಿಚ್ಚಿ ಒಬ್ಬರು ತೀರಿಕೊಂಡರು.

ಮಧ್ಯಾಹ್ನ ಅಭ್ಯಾಸ. ಬೊಂಬೆಯ ಅಂಗಿಗೆ ಕಾಣದ ಪುಡಿ ಹಚ್ಚಿಟ್ಟಿದ್ದರು. ಎರಡು ಜೊತೆ ಗ್ಲೌಸ್ ಹಾಕಿ, ಗೌನಿನ ತೋಳಿಗೆ ಟೇಪ್ ಸುತ್ತಿ, ಅಂಗಿ ಕತ್ತರಿಸಿ, ಒಳಮೈ ಹೊರಗೆ ಬರುವ ಹಾಗೆ ಸುತ್ತಿ ತೆಗೆದೆ. ಚೆನ್ನಾಗಿ ಮಾಡಿದೆ ಅಂದುಕೊಂಡೆ. ನೇರಳೆ ಲೈಟ್ ಹಾಕಿದಾಗ ನನ್ನ ಎಡ ಮಣಿಕಟ್ಟಿನ ಮೇಲೆ ಬೆರಳಗಲ ಪುಡಿ ಹೊಳೆಯುತ್ತಿತ್ತು. ಟೇಪ್ ಸಡಿಲವಾಗಿತ್ತು. ಮೂರನೇ ಸಲಕ್ಕೆ ಕೈ ಶುದ್ಧವಾಗಿ ಬಂತು. ಭಯ ಅರ್ಧ ಇಳಿದದ್ದು ಆಗಲೇ.

ಕೊರತೆ ಇದ್ದದ್ದು ಕೊನೆಯಲ್ಲಿ. ಐದು ತಿಂಗಳ ಬಸುರಿ ಸಿಸ್ಟರ್ ಒಬ್ಬರು ಕೇಳಿದರು. ಬಸುರಿಯರನ್ನು ಆ ಕೆಲಸಕ್ಕೆ ಹಾಕಬಾರದು ಅಂತ ಸ್ಪಷ್ಟ ಉತ್ತರ ಬಂತು, ಸಮಾಧಾನ ಆಯ್ತು. ಇನ್ನೊಬ್ಬರು ಎದ್ದು, 'ಎರಡು ದಿನ ಮನೆಗೆ ಹೋಗೋಕೆ ಆಗದಿದ್ದರೆ ನನ್ನ ಮಗು ಯಾರ ಹತ್ತಿರ ಇರಬೇಕು?' ಅಂದರು. 'ಅದನ್ನ ನಿಮ್ಮ ಆಸ್ಪತ್ರೆಯವರ ಜೊತೆ ಮಾತಾಡಿ' ಅಂತ ತರಬೇತಿ ಕೊಡುವವರು ಅಂದುಬಿಟ್ಟರು. ನನಗೆ ತುಂಬಾ ಬೇಜಾರಾಯಿತು. ನಾವು ಹಿಂದೆ ಸರಿಯುವುದು ರೋಗಿಗೆ ಹೆದರಿ ಅಲ್ಲ, ಹೆಚ್ಚಿನ ಸಲ ಇಂಥದ್ದಕ್ಕೇ.

ಎಷ್ಟು ವಿಕಿರಣ ಬಿತ್ತು ಅಂತ ಅಲ್ಲೇ ತೋರಿಸುವ ಜೇಬಿನ ಡೋಸಿಮೀಟರ್ ಕೂಡ ಮೂವತ್ತು ಜನಕ್ಕೆ ಒಂದೇ ಇತ್ತು. ನಮ್ಮ ವಾರ್ಡಿನಲ್ಲಿ ಒಂದೂ ಇಲ್ಲ. ಬಂದ ಮರುದಿನವೇ ಎರಡು ಬೇಕು ಅಂತ ಬರೆದು ಕೊಟ್ಟಿದ್ದೇನೆ.

ಕ್ಯಾಶುವಾಲ್ಟಿಯವರು ಖಂಡಿತ ಹೋಗಿ. ಇನ್‌ಚಾರ್ಜ್ ಸಿಸ್ಟರನ್ನೂ ಕರೆದುಕೊಂಡು ಹೋಗಿ. ಮಗುವಿನ ಆ ಪ್ರಶ್ನೆ ಅವರ ಕಿವಿಗೂ ಬೀಳಲಿ.