ಕನ್ನಡದ ಪಿಪಿಟಿಗೆ ಲಿಬ್ರೆಆಫೀಸ್ ಇಂಪ್ರೆಸ್: ಮಂಡ್ಯದ ತರಗತಿಯಿಂದ ಒಂದು ವಿಮರ್ಶೆ

ಪಿಪಿಟಿ ತೆರೆಯಲು ಯಾವ ಉಚಿತ ತಂತ್ರಾಂಶ ಒಳ್ಳೆಯದು ಎಂದು ಹುಡುಕಿದರೆ ಸಿಗುವ ಉತ್ತರಗಳೆಲ್ಲ ಬಹುಮಟ್ಟಿಗೆ ಇಂಗ್ಲಿಷ್ ಸ್ಲೈಡುಗಳನ್ನೇ ಗಮನದಲ್ಲಿಟ್ಟುಕೊಂಡು ಬರೆದಂಥವು. ಮಂಡ್ಯ ಜಿಲ್ಲೆಯ ಕನ್ನಡ ಮಾಧ್ಯಮದ ಪ್ರೌಢಶಾಲೆಗಳಲ್ಲಿ ನಾವು ಪಾಠಕ್ಕೆ ಬಳಸುವ ಸ್ಲೈಡುಗಳು ಕನ್ನಡದಲ್ಲಿರುತ್ತವೆ. ಅವು ಒಬ್ಬ ಶಿಕ್ಷಕರ ಮನೆಯ ಲ್ಯಾಪ್‌ಟಾಪಿನಲ್ಲಿ ತಯಾರಾಗಿ, ವಾಟ್ಸ್ಆ್ಯಪ್ ಮೂಲಕ ಹತ್ತಾರು ಜನರ ಫೋನು ಸೇರಿ, ಕೊನೆಗೆ ಯಾವುದೋ ಶಾಲೆಯ ಹಳೆಯ ಕಂಪ್ಯೂಟರಿಗೆ ಜೋಡಿಸಿದ ಪ್ರೊಜೆಕ್ಟರಿನಲ್ಲಿ ಮಕ್ಕಳ ಮುಂದೆ ಮೂಡುತ್ತವೆ. ಈ ದಾರಿಯುದ್ದಕ್ಕೂ ಅಕ್ಷರ ಕೆಡದೆ, ಒತ್ತಕ್ಷರ ಜಾರದೆ, ಸಾಲು ಚೌಕಟ್ಟಿನಿಂದ ಹೊರಬೀಳದೆ ಉಳಿಯುತ್ತದೆಯೇ ಎಂಬುದೇ ನನ್ನ ದೃಷ್ಟಿಯಲ್ಲಿ ತಂತ್ರಾಂಶಕ್ಕೆ ಒಡ್ಡಬೇಕಾದ ಪರೀಕ್ಷೆ. ಆ ಪರೀಕ್ಷೆಯಲ್ಲಿ ನನಗೆ ಹೆಚ್ಚು ಭರವಸೆ ಕೊಟ್ಟದ್ದು ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ತಂತ್ರಾಂಶದಲ್ಲಿ ಸ್ಲೈಡುಗಳಿಗೆಂದೇ ಇರುವ ಭಾಗವಾದ ಇಂಪ್ರೆಸ್.

ಲಿಬ್ರೆಆಫೀಸ್ 2010ರಲ್ಲಿ ಓಪನ್ಆಫೀಸ್‌ನಿಂದ ಕವಲೊಡೆದು ಬಂದ ತಂತ್ರಾಂಶ. ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ, ಮೂಲಸಂಕೇತ ಎಲ್ಲರಿಗೂ ಮುಕ್ತವಾಗಿದೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಅದು ನಡೆಯುತ್ತದೆ. ಖಾತೆ ತೆರೆಯಬೇಕಾಗಿಲ್ಲ, ಜಾಹೀರಾತು ಬರುವುದಿಲ್ಲ, ಒಮ್ಮೆ ಇಳಿಸಿಕೊಂಡ ಮೇಲೆ ಇಂಟರ್ನೆಟ್ಟಿನ ಹಂಗೂ ಇಲ್ಲ. ನೆಟ್‌ವರ್ಕ್ ನೆಚ್ಚಿಕೊಂಡು ಪಾಠ ಆರಂಭಿಸಲಾಗದ ಹಳ್ಳಿಯ ಶಾಲೆಗಳಿಗೆ ಈ ಕೊನೆಯ ಗುಣವೊಂದೇ ಸಾಕಷ್ಟು ದೊಡ್ಡದು. ಹಳೆಯ ಪಿಪಿಟಿ, 2007ರ ನಂತರದ ಪಿಪಿಟಿಎಕ್ಸ್, ತೆರೆದ ಕೂಡಲೇ ಪ್ರದರ್ಶನ ಆರಂಭಿಸುವ ಪಿಪಿಎಸ್ಎಕ್ಸ್, ತನ್ನದೇ ಆದ ಒಡಿಪಿ ಎಲ್ಲವನ್ನೂ ಅದು ತೆರೆಯುತ್ತದೆ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುತ್ತಿದ್ದ ಪವರ್‌ಪಾಯಿಂಟ್ ವ್ಯೂವರ್ 2018ರಲ್ಲೇ ನಿಂತುಹೋಗಿರುವುದರಿಂದ, ಇಂದಿಗೂ ಅದನ್ನೇ ಹುಡುಕಿಕೊಂಡು ಅಪರಿಚಿತ ತಾಣಗಳಿಂದ ಇಳಿಸಿಕೊಳ್ಳುವವರು ದಯವಿಟ್ಟು ಆ ಗೋಜಿಗೆ ಹೋಗಬಾರದು.

ಪರೀಕ್ಷೆಗೆ ನಾನು ಆರಿಸಿಕೊಂಡದ್ದು ಕನ್ನಂಬಾಡಿ ಅಣೆಕಟ್ಟೆಯ ಪಾಠ. ಮೊದಲ ಸ್ಲೈಡಿನಲ್ಲಿ ದಪ್ಪಕ್ಷರದಲ್ಲಿ 'ಕೃಷ್ಣರಾಜಸಾಗರ', ಅದರ ಕೆಳಗೆ 'ಸರ್ ಎಂ. ವಿಶ್ವೇಶ್ವರಯ್ಯ' ಎಂಬ ಹೆಸರು. ಮುಂದೆ 1911ರಲ್ಲಿ ಆರಂಭವಾದ ಕಾಮಗಾರಿಯ ವಿವರ, ಗರಿಷ್ಠ ಮಟ್ಟ 124.80 ಅಡಿ ಎಂದು ಗುರುತು ಹಾಕಿದ ರೇಖಾಚಿತ್ರ, ನಾಲೆಯ ನಕ್ಷೆ, ಭತ್ತ ಮತ್ತು ಕಬ್ಬಿನ ಬೆಳೆಗಳ ಕೋಷ್ಟಕ. ಪವರ್‌ಪಾಯಿಂಟ್‌ನಲ್ಲಿ, ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಯುಐ ಫಾಂಟಿನಲ್ಲಿ ತಯಾರಾದ ಕಡತವದು. 'ವಿಶ್ವೇಶ್ವರಯ್ಯ' ಎಂಬ ಒಂದೇ ಪದದಲ್ಲಿ ಮೂರು ಒತ್ತಕ್ಷರಗಳಿವೆ, ಅವುಗಳಲ್ಲಿ ಒಂದಕ್ಕೆ ಮೇಲೆ ಏತ್ವ, ಪಕ್ಕದಲ್ಲಿ ದೀರ್ಘ. ಅಕ್ಷರ ಜೋಡಣೆಯಲ್ಲಿ ಎಲ್ಲಿ ಎಡವಟ್ಟಾದರೂ ಈ ಪದ ತಕ್ಷಣ ಹೇಳಿಬಿಡುತ್ತದೆ. ಉಬುಂಟು ಎಂಬ ಲಿನಕ್ಸ್ ಇರುವ ಲ್ಯಾಪ್‌ಟಾಪಿನ ಇಂಪ್ರೆಸ್‌ನಲ್ಲಿ ಕಡತವನ್ನು ತೆರೆದಾಗ ವಕಾರದ ಒತ್ತು ಶಕಾರದ ಕೆಳಗೇ ಸರಿಯಾಗಿ ಕೂತಿತ್ತು, ದೀರ್ಘವೂ ತನ್ನ ಜಾಗದಲ್ಲಿತ್ತು. 2017ರ 5.3ನೇ ಆವೃತ್ತಿಯಿಂದ ಲಿಬ್ರೆಆಫೀಸ್ ಎಲ್ಲ ಕಾರ್ಯಾಚರಣೆ ವ್ಯವಸ್ಥೆಗಳಲ್ಲೂ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ಒಂದೇ ಮುಕ್ತ ತಂತ್ರಾಂಶವನ್ನು ಬಳಸುತ್ತಿರುವುದು ಇದಕ್ಕೆ ಕಾರಣ.

ಆದರೆ ಶೀರ್ಷಿಕೆಯಲ್ಲಿ ಒಂದು ವ್ಯತ್ಯಾಸ ಕಂಡಿತು. ನಿರ್ಮಲಾ ಯುಐ ಮೈಕ್ರೋಸಾಫ್ಟ್‌ನ ಸ್ವತ್ತಾದ್ದರಿಂದ ಉಬುಂಟುವಿನಲ್ಲಿ ಅದು ಇರುವುದಿಲ್ಲ. ಇಂಪ್ರೆಸ್ ಅದರ ಬದಲಿಗೆ ವ್ಯವಸ್ಥೆಯಲ್ಲಿದ್ದ ಬೇರೊಂದು ಕನ್ನಡ ಫಾಂಟನ್ನು ಹಾಕಿಕೊಂಡಿತು. ಅಕ್ಷರಗಳ ಅಗಲ ಬೇರೆಯಾದ್ದರಿಂದ ಒಂದು ಸಾಲಿನ ಶೀರ್ಷಿಕೆ ಎರಡು ಸಾಲಾಗಿ, ಕೆಳಗಿನ ಚಿತ್ರದ ಅಂಚಿಗೆ ತಗುಲಿತು. ಇಂಗ್ಲಿಷಿನಲ್ಲಿ ಈ ತೊಂದರೆ ಕಡಿಮೆ, ಏಕೆಂದರೆ ಮೈಕ್ರೋಸಾಫ್ಟ್‌ನ ಕ್ಯಾಲಿಬ್ರಿ ಫಾಂಟಿನ ಅಳತೆಗೇ ಹೊಂದುವಂತೆ ಮಾಡಿದ ಕಾರ್ಲಿಟೊ ಎಂಬ ಮುಕ್ತ ಫಾಂಟು ಲಿಬ್ರೆಆಫೀಸ್ ಜೊತೆಗೇ ಬರುತ್ತದೆ. ನಾವು ಮಾಡಬಹುದಾದ ಕೆಲಸವೆಂದರೆ ಮೊದಲಿನಿಂದಲೇ ಎಲ್ಲೆಡೆ ಉಚಿತವಾಗಿ ಸಿಗುವ ನೋಟೋ ಸಾನ್ಸ್ ಕನ್ನಡದಂಥ ಫಾಂಟಿನಲ್ಲಿ ಸ್ಲೈಡು ತಯಾರಿಸುವುದು. ಒಡಿಪಿಯಾಗಿ ಉಳಿಸುವಾಗ ಕಡತದ ಗುಣಲಕ್ಷಣಗಳಿಗೆ ಹೋಗಿ ಫಾಂಟನ್ನು ಕಡತದೊಳಗೇ ಸೇರಿಸುವ ಆಯ್ಕೆಗೆ ಗುರುತು ಹಾಕಿದರೆ ಇನ್ನೊಂದು ಕಂಪ್ಯೂಟರಿನ ಇಂಪ್ರೆಸ್‌ನಲ್ಲೂ ಅದೇ ರೂಪ ಸಿಗುತ್ತದೆ. ಜೊತೆಗೆ ಒಂದು ಎಚ್ಚರಿಕೆ: ಇಂಪ್ರೆಸ್‌ನಲ್ಲಿ ಇಂಗ್ಲಿಷಿಗೂ ಕನ್ನಡದಂಥ ಸಂಕೀರ್ಣ ಲಿಪಿಗೂ ಫಾಂಟಿನ ಹೆಸರು ಮತ್ತು ಗಾತ್ರವನ್ನು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುವ ವ್ಯವಸ್ಥೆಯಿದೆ. ಇದು ತಿಳಿಯದವರು ಒಂದನ್ನು ಬದಲಾಯಿಸಿ, ಇನ್ನೊಂದು ಬದಲಾಗಲಿಲ್ಲವೆಂದು ತಂತ್ರಾಂಶವನ್ನು ದೂರುತ್ತಾರೆ.

ಇದಕ್ಕಿಂತ ಗಂಭೀರವಾದದ್ದು ನುಡಿ ಮತ್ತು ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಮಾಡಿದ ಹಳೆಯ ಕಡತಗಳ ಸಮಸ್ಯೆ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯುನಿಕೋಡ್ ರೂಢಿಗೆ ಬರುವ ಮೊದಲು ನಮ್ಮ ಶಿಕ್ಷಕರು ವರ್ಷಗಟ್ಟಲೆ ಶ್ರಮಪಟ್ಟು ಮಾಡಿದ ಸ್ಲೈಡುಗಳಲ್ಲಿ ಕನ್ನಡ ಅಕ್ಷರಗಳು ನಿಜಕ್ಕೂ ರೋಮನ್ ಸಂಕೇತಗಳಾಗಿ ಕೂತಿವೆ. ಆ ನಿರ್ದಿಷ್ಟ ಫಾಂಟು ಇದ್ದರೆ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ, ಇಲ್ಲದಿದ್ದರೆ ಸ್ಲೈಡಿನ ತುಂಬ ತಲೆಬುಡವಿಲ್ಲದ ಚಿಹ್ನೆಗಳು. ಪೇಟೆಯ ಒಂದು ಜೆರಾಕ್ಸ್ ಅಂಗಡಿಯವರು ಇಂಥ ಕಡತವನ್ನು ನೋಡಿ ಇದು ವೈರಸ್ಸಿನಿಂದ ಹಾಳಾಗಿದೆ ಎಂದು ಹೇಳಿ ಕಳಿಸಿದ್ದರು. ಕಡತ ಹಾಳಾಗಿರಲಿಲ್ಲ. ನುಡಿಯ ಫಾಂಟುಗಳನ್ನು ಕಂಪ್ಯೂಟರಿಗೆ ಹಾಕಿಕೊಂಡು ಇಂಪ್ರೆಸ್‌ನಲ್ಲಿ ತೆರೆದಾಗ ಇಡೀ ಪಾಠ ಮೊದಲಿನಂತೆಯೇ ಕಣ್ಣಿಗೆ ಬಿತ್ತು. ಲಿನಕ್ಸ್‌ನಲ್ಲೂ ಆ ಫಾಂಟು ಕಡತಗಳನ್ನು ಬಳಕೆದಾರರ ಫಾಂಟು ಫೋಲ್ಡರಿಗೆ ನಕಲಿಸಿದರೆ ಕೆಲಸ ಆಗುತ್ತದೆ. ಮುಂದೆ ಬಿಡುವು ಮಾಡಿಕೊಂಡು ಪಠ್ಯವನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ಬದಲಿಸಿಟ್ಟುಕೊಳ್ಳಲೇಬೇಕು. ಆಗ ಒತ್ತಕ್ಷರಗಳನ್ನು ಒಂದೊಂದಾಗಿ ಓದಿ ಸರಿನೋಡುವ ಕೆಲಸವನ್ನು ಮಾತ್ರ ಯಂತ್ರಕ್ಕೆ ಬಿಡಬಾರದು.

ಬ್ರೌಸರಿನಲ್ಲೇ ನಡೆಯುವ ಗೂಗಲ್ ಸ್ಲೈಡ್ಸ್ ಸೋಲುವುದು ಇಲ್ಲಿಯೇ. ಯುನಿಕೋಡ್ ಕಡತಗಳ ಮಟ್ಟಿಗೆ ಅದು ಚೆನ್ನಾಗಿದೆ, ಕನ್ನಡಕ್ಕೆ ನೋಟೋ, ಬಾಲೂ ತಮ್ಮ, ಹುಬ್ಬಳ್ಳಿ, ಬೆಣ್ಣೆ ಮುಂತಾದ ಅಂದವಾದ ಫಾಂಟುಗಳೂ ಅದರಲ್ಲಿ ಸಿಗುತ್ತವೆ, ಹಲವು ಶಿಕ್ಷಕರು ಕೂಡಿ ಒಂದೇ ಪಾಠವನ್ನು ತಿದ್ದುವುದಕ್ಕೆ ಅದಕ್ಕಿಂತ ಅನುಕೂಲವಾದದ್ದು ಇಲ್ಲ. ಆದರೆ ನಮ್ಮ ಕಂಪ್ಯೂಟರಿನಲ್ಲಿರುವ ಫಾಂಟನ್ನು ಅದು ಬಳಸಿಕೊಳ್ಳುವುದಿಲ್ಲವಾದ್ದರಿಂದ ನುಡಿಯ ಹಳೆಯ ಕಡತಕ್ಕೆ ಅಲ್ಲಿ ದಾರಿಯಿಲ್ಲ. ಪಿಪಿಟಿಎಕ್ಸ್ ಕಡತವನ್ನು ಗೂಗಲ್ ಸ್ಲೈಡ್ಸ್ ರೂಪಕ್ಕೆ ಬದಲಿಸಲು 100 ಎಂಬಿಯ ಮಿತಿಯೂ ಇದೆ. ಫೋಟೊ ತುಂಬಿದ ಪ್ರವಾಸದ ಪಿಪಿಟಿಗಳು ಇದನ್ನು ಸುಲಭವಾಗಿ ದಾಟುತ್ತವೆ.

ಆಂಡ್ರಾಯ್ಡ್ ಫೋನಿನಲ್ಲಿ ನಾನು ಉಳಿಸಿಕೊಂಡಿರುವುದು ಕೊಲಾಬೊರಾ ಆಫೀಸ್. ಅದು ಲಿಬ್ರೆಆಫೀಸ್‌ನ ತಳಹದಿಯ ಮೇಲೆಯೇ ಕಟ್ಟಿದ್ದು, ಕಂಪ್ಯೂಟರಿನಲ್ಲಿ ಕಂಡ ರೂಪಕ್ಕೆ ಬಹಳ ಹತ್ತಿರದ ರೂಪವನ್ನು ಫೋನಿನಲ್ಲೂ ತೋರಿಸುತ್ತದೆ. ಕಡಿಮೆ ರ‍್ಯಾಮಿನ ಫೋನುಗಳಲ್ಲಿ ದೊಡ್ಡ ಕಡತ ತೆರೆಯಲು ತಡಮಾಡುತ್ತದೆ ಎಂಬುದು ನಿಜ. ಓನ್ಲಿಆಫೀಸ್ ಕೂಡ ಒಳ್ಳೆಯ ಆಯ್ಕೆ, ಪಿಪಿಟಿಎಕ್ಸ್‌ನ ವಿನ್ಯಾಸವನ್ನು ಅದು ಚೆನ್ನಾಗಿ ಕಾಪಾಡುತ್ತದೆ. ಡಬ್ಲ್ಯೂಪಿಎಸ್ ಆಫೀಸ್ ವೇಗವಾಗಿದ್ದರೂ ಉಚಿತ ಆವೃತ್ತಿಯ ಜಾಹೀರಾತುಗಳು ಮಕ್ಕಳ ಮುಂದೆ ತೆರೆಯುವ ಸಾಧನಕ್ಕೆ ತಕ್ಕವಲ್ಲವಾದ್ದರಿಂದ ನಾನು ಅದನ್ನು ಶಿಫಾರಸು ಮಾಡಲಾರೆ. ಐಫೋನ್ ಇರುವವರು ಹೊಸದೇನನ್ನೂ ಹಾಕಿಕೊಳ್ಳಬೇಕಿಲ್ಲ. ಫೈಲ್ಸ್ ಆ್ಯಪಿನಲ್ಲಿ ಕಡತವನ್ನು ಮುಟ್ಟಿದರೆ ಸ್ಲೈಡುಗಳು ಸ್ಥಿರಚಿತ್ರಗಳಂತೆ ಕಾಣುತ್ತವೆ, ಅನಿಮೇಷನ್ ಬೇಕಾದರೆ ಆ್ಯಪಲ್‌ನ ಉಚಿತ ಕೀನೋಟ್ ಇದೆ. ಕೀನೋಟ್ ಒಡಿಪಿಯನ್ನು ತೆರೆಯುವುದಿಲ್ಲ. ಆದ್ದರಿಂದ ಐಫೋನಿನವರಿಗೆ ಕಳಿಸುವಾಗ ಪಿಪಿಟಿಎಕ್ಸ್ ಆಗಿಯೇ ಕಳಿಸಬೇಕು.

ತರಗತಿಯಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದ ಇನ್ನೊಂದು ಸೌಲಭ್ಯ ಇಂಪ್ರೆಸ್ ರಿಮೋಟ್. ಈ ಉಚಿತ ಆ್ಯಪನ್ನು ಫೋನಿಗೆ ಹಾಕಿಕೊಂಡು, ಬ್ಲೂಟೂತ್ ಅಥವಾ ವೈಫೈ ಮೂಲಕ ಕಂಪ್ಯೂಟರಿಗೆ ಜೋಡಿಸಿದರೆ, ಹಿಂದಿನ ಬೆಂಚಿನ ಮಕ್ಕಳ ಪಕ್ಕದಲ್ಲಿ ನಿಂತುಕೊಂಡೇ ಸ್ಲೈಡು ಬದಲಿಸಬಹುದು, ನಾವು ಬರೆದಿಟ್ಟುಕೊಂಡ ಟಿಪ್ಪಣಿಯನ್ನು ಫೋನಿನ ಪರದೆಯಲ್ಲೇ ಓದಿಕೊಳ್ಳಬಹುದು. ಮೊದಲು ಇಂಪ್ರೆಸ್‌ನ ಆಯ್ಕೆಗಳಲ್ಲಿ ರಿಮೋಟ್ ನಿಯಂತ್ರಣಕ್ಕೆ ಅನುಮತಿ ಕೊಟ್ಟಿರಬೇಕು.

ಇಂಪ್ರೆಸ್‌ನ ಕೊರತೆಗಳನ್ನೂ ಹೇಳಬೇಕು. ಪವರ್‌ಪಾಯಿಂಟ್‌ನ ಮಾರ್ಫ್ ಎಂಬ, ಒಂದು ಸ್ಲೈಡಿನ ಆಕೃತಿಗಳು ಮುಂದಿನದಕ್ಕೆ ಸರಾಗವಾಗಿ ಜರುಗುವ ಪರಿವರ್ತನೆ ಇದರಲ್ಲಿ ಕಾಣುವುದಿಲ್ಲ. ಸ್ಮಾರ್ಟ್‌ಆರ್ಟ್ ಎಂಬ ಸಿದ್ಧ ರೇಖಾಚಿತ್ರಗಳು ಸರಿಯಾಗಿ ಕಂಡರೂ ಅವು ಬಿಡಿ ಆಕೃತಿಗಳ ಗುಂಪಾಗಿಬಿಡುವುದರಿಂದ ಪವರ್‌ಪಾಯಿಂಟ್‌ನಲ್ಲಿದ್ದಷ್ಟು ಸುಲಭವಾಗಿ ತಿದ್ದಲು ಬರುವುದಿಲ್ಲ. ಲಿನಕ್ಸ್‌ನಲ್ಲಿ ವಿಡಿಯೊ ಓಡಬೇಕಾದರೆ ವಿಡಿಯೊ ಓದುವ ತಕ್ಕ ಕೊಡೆಕ್ ತಂತ್ರಾಂಶಗಳನ್ನು ಮೊದಲೇ ಹಾಕಿಕೊಂಡಿರಬೇಕು. ಮೆನುಗಳನ್ನು ಕನ್ನಡಕ್ಕೆ ಬದಲಿಸಿಕೊಳ್ಳುವ ಅವಕಾಶವಿರುವುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ, ಆದರೆ ಕೆಲವು ಕಡೆ ಇಂಗ್ಲಿಷ್ ಹಾಗೆಯೇ ಉಳಿದಿದೆ. ಅನುವಾದದಲ್ಲಿ ಆಸಕ್ತಿಯಿರುವ ಯಾರಾದರೂ ಅದರಲ್ಲಿ ಕೈಜೋಡಿಸಬಹುದು.

ವಿಂಡೋಸ್ 7 ಇರುವ ಕಂಪ್ಯೂಟರುಗಳು ನಮ್ಮ ಶಾಲೆಗಳಲ್ಲಿ ಇನ್ನೂ ಇವೆ. 25.8ನೇ ಆವೃತ್ತಿಯಿಂದ ಲಿಬ್ರೆಆಫೀಸ್ ಆ ವ್ಯವಸ್ಥೆಯ ಮೇಲೆ ನಡೆಯುವುದಿಲ್ಲ, ಹಾಗಾಗಿ ಅಲ್ಲಿ ಅದಕ್ಕಿಂತ ಹಿಂದಿನ ಆವೃತ್ತಿಯನ್ನು ಲಿಬ್ರೆಆಫೀಸ್‌ನ ಅಧಿಕೃತ ತಾಣದ ಹಳೆಯ ಸಂಗ್ರಹದಿಂದಲೇ ಇಳಿಸಿಕೊಳ್ಳಬೇಕು. ಅಂಥ ಯಂತ್ರಕ್ಕೆ ಪಾಠ ಒಯ್ಯುವಾಗ ನಾನು ಪೆನ್‌ಡ್ರೈವಿನಲ್ಲಿ ಮೂಲ ಕಡತದ ಜೊತೆಗೆ ಇಂಪ್ರೆಸ್‌ನಿಂದಲೇ ಮಾಡಿದ ಪಿಡಿಎಫ್ ಪ್ರತಿಯನ್ನೂ ಇಟ್ಟುಕೊಳ್ಳುತ್ತೇನೆ. ಅನಿಮೇಷನ್ ಅದರಲ್ಲಿ ಇರುವುದಿಲ್ಲ, ಆದರೆ ಫಾಂಟು ಕಡತದೊಳಗೇ ಇರುವುದರಿಂದ 'ವಿಶ್ವೇಶ್ವರಯ್ಯ' ಎಂಬ ಹೆಸರು ಯಾವ ಯಂತ್ರದಲ್ಲೂ ತಪ್ಪಾಗಿ ಮೂಡುವುದಿಲ್ಲ.