ಎಕ್ಸ್‌ಪಾತ್‌ನಲ್ಲಿ ಷರತ್ತುಗಳನ್ನು ಜೋಡಿಸುವ ಬಗೆಗಳು: ಒಂದು ಹೋಲಿಕೆ

ಮಾಹಿತಿಯನ್ನು ಹೆಸರಿಟ್ಟ ಗುರುತುಗಳ ನಡುವೆ ಬರೆದಿಡುವ ಎಕ್ಸ್‌ಎಂಎಲ್ ಕಡತದಿಂದ ಬೇಕಾದ ಭಾಗವನ್ನು ಆರಿಸಲು ಎಕ್ಸ್‌ಪಾತ್ ಬಳಸುವಾಗ, ಒಂದೇ ಷರತ್ತನ್ನು ಎರಡು ಮೂರು ಬಗೆಯಲ್ಲಿ ಬರೆಯಬಹುದು. ಅವು ಎಲ್ಲಿ ಬೇರೆಯಾಗುತ್ತವೆ ಎಂದು ತಿಳಿಯಲು ಒಂದು ಸಣ್ಣ ಪುಸ್ತಕಪಟ್ಟಿಯನ್ನು ಮಾಡಿಕೊಂಡು, ಎಕ್ಸ್‌ಪಾತ್‌ನ 1999ರ 1.0 ಆವೃತ್ತಿಯನ್ನಷ್ಟೇ ಅರಿತ ಎಕ್ಸ್‌ಎಂಎಲ್‌ಲಿಂಟ್ ಎಂಬ ತಂತ್ರಾಂಶದಲ್ಲಿಯೂ 2017ರ 3.1 ಆವೃತ್ತಿಯನ್ನು ಬೆಂಬಲಿಸುವ ಸ್ಯಾಕ್ಸನ್‌ನಲ್ಲಿಯೂ ಓಡಿಸಿ ನೋಡಿದೆ. ಎಲಿಮೆಂಟ್‌ಗಳ (ಪುಸ್ತಕ, ಬೆಲೆ ಮುಂತಾಗಿ ಕಡತದಲ್ಲಿ ಹೆಸರಿಟ್ಟ ಭಾಗಗಳ) ಹೆಸರುಗಳನ್ನು ಕನ್ನಡದಲ್ಲಿಯೇ ಇಟ್ಟುಕೊಂಡಿದ್ದೇನೆ. ಎಕ್ಸ್‌ಎಂಎಲ್ ನಿಯಮಗಳು ಇದಕ್ಕೆ ಅಡ್ಡಿಪಡಿಸುವುದಿಲ್ಲ. ಆದರೆ ಷರತ್ತುಗಳನ್ನು ಜೋಡಿಸುವ ಆ್ಯಂಡ್ (and), ಆರ್ (or), ನಾಟ್ (not) ಇವನ್ನು ಮಾತ್ರ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಟೈಪಿಸಬೇಕು.

ಮೊದಲನೆಯದು ಆ್ಯಂಡ್ ಮತ್ತು ಸಾಲು ಆವರಣಗಳ (ಒಂದರ ಪಕ್ಕ ಒಂದಿಟ್ಟ ಚೌಕ ಆವರಣಗಳ) ನಡುವಿನ ಆಯ್ಕೆ. //ಪುಸ್ತಕ[@ಭಾಷೆ='ಕನ್ನಡ'][ಬೆಲೆ > 200] ಎಂದು (@ ಚಿಹ್ನೆಯಿರುವುದು ಎಲಿಮೆಂಟಿನ ಗುಣ, ಅಂದರೆ ಅಟ್ರಿಬ್ಯೂಟ್) ಎರಡು ಆವರಣಗಳಲ್ಲಿ ಬರೆದರೂ, ಒಂದೇ ಆವರಣದೊಳಗೆ ಆ್ಯಂಡ್ ಹಾಕಿ ಬರೆದರೂ ಫಲಿತಾಂಶ ಒಂದೇ. ಓದಲು ನನಗೆ ಮೊದಲನೆಯದೇ ಹಿತ. ಕ್ರಮಸಂಖ್ಯೆ ಬಂದಾಗ ಮಾತ್ರ ಎಚ್ಚರ ಬೇಕು: ಪುಸ್ತಕ[@ಭಾಷೆ='ಕನ್ನಡ'][1] ಎಂದರೆ ಕನ್ನಡ ಪುಸ್ತಕಗಳಲ್ಲಿ ಮೊದಲನೆಯದು, ಪುಸ್ತಕ[1][@ಭಾಷೆ='ಕನ್ನಡ'] ಎಂದರೆ ಮೊದಲ ಪುಸ್ತಕವು ಕನ್ನಡದ್ದಾಗಿದ್ದರೆ ಮಾತ್ರ ಅದು. ಇದೇ 1ನ್ನು ಆ್ಯಂಡ್‌ನ ಪಕ್ಕದಲ್ಲಿಟ್ಟರೆ ಅದು ಕ್ರಮಸಂಖ್ಯೆಯಾಗಿ ಉಳಿಯದೆ ಬರೀ 'ನಿಜ' ಎಂಬ ಮೌಲ್ಯವಾಗುವುದರಿಂದ, ಎಲ್ಲ ಕನ್ನಡ ಪುಸ್ತಕಗಳೂ ಸಾಲಾಗಿ ಬಂದು ಬೀಳುತ್ತವೆ.

ನಿಜವಾದ ವ್ಯತ್ಯಾಸವಿರುವುದು ನಿರಾಕರಣೆಯಲ್ಲಿ. ಕೃಷಿಗೆ ಸೇರದ ಪುಸ್ತಕಗಳು ಬೇಕೆಂದು ಪುಸ್ತಕ[ವಿಷಯ != 'ಕೃಷಿ'] ಎಂದು (!= ಅಂದರೆ 'ಸಮವಲ್ಲ') ಬರೆದರೆ, ಕೃಷಿ ಮತ್ತು ಹವಾಮಾನ ಎಂಬ ಎರಡು ವಿಷಯಗಳಿರುವ ಪುಸ್ತಕವೂ ಪಟ್ಟಿಗೆ ಬರುತ್ತದೆ, ಏಕೆಂದರೆ ಈ ಹೋಲಿಕೆಗೆ 'ಕೃಷಿಯಲ್ಲದ ಒಂದಾದರೂ ವಿಷಯವಿದೆಯೇ' ಎಂಬುದಷ್ಟೇ ಮುಖ್ಯ. ಅದೇ ಕಾರಣಕ್ಕೆ, ವಿಷಯವನ್ನೇ ನಮೂದಿಸದ ಪುಸ್ತಕ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ನಾಟ್ ಎಂಬ ಫಂಕ್ಷನ್‌ನೊಳಗೆ (ಹೌದು, ಇದು ಆ್ಯಂಡ್, ಆರ್‌ಗಳಂತೆ ಆಪರೇಟರ್ ಅಲ್ಲ, ದುಂಡು ಆವರಣಚಿಹ್ನೆ ಕಡ್ಡಾಯ) ವಿಷಯ = 'ಕೃಷಿ' ಎಂದು ಬರೆದಾಗ ಎರಡೂ ತೊಡಕು ನೀಗುತ್ತವೆ: ಮೊದಲ ಪುಸ್ತಕ ಹೊರಗುಳಿಯುತ್ತದೆ, ಎರಡನೆಯದು ಒಳಬರುತ್ತದೆ. ಒಂದೇ ಹೆಸರಿನ ಎಲಿಮೆಂಟ್ ಹಲವು ಬಾರಿ ಬರಬಹುದಾದ ಕಡತದಲ್ಲಿ != ಚಿಹ್ನೆಯನ್ನು ನಾನು ಬಳಸುವುದಿಲ್ಲ.

ಆರ್ ಬದಲಿಗೆ 2007ರ 2.0 ಆವೃತ್ತಿಯಿಂದ ಈಚೆಗೆ [@ಭಾಷೆ = ('ಕನ್ನಡ', 'ತುಳು')] ಎಂದು ಬರೆಯಬಹುದು. ಸ್ಯಾಕ್ಸನ್ ಇದನ್ನು ಒಪ್ಪುತ್ತದೆ, ಎಕ್ಸ್‌ಎಂಎಲ್‌ಲಿಂಟ್ ದೋಷವೆಂದು ತಳ್ಳುತ್ತದೆ. ಪಟ್ಟಿ ಉದ್ದವಾದಷ್ಟೂ ಇದು ಅನುಕೂಲ; ಆದರೆ = ಜಾಗದಲ್ಲಿ != ಹಾಕಿದರೆ, ಭಾಷೆ ನಮೂದಾಗಿರುವ ಪ್ರತಿಯೊಂದು ಪುಸ್ತಕವೂ ಪಾಸಾಗುತ್ತದೆ. ಎರಡು ಬಗೆಯ ಎಲಿಮೆಂಟ್‌ಗಳನ್ನೇ ಒಟ್ಟಿಗೆ ತರಬೇಕಿದ್ದರೆ ಆರ್ ನೆರವಾಗದು, ಅದರಿಂದ ದೊರೆಯುವುದು ನಿಜ ಅಥವಾ ಸುಳ್ಳು ಮಾತ್ರ; ಅಲ್ಲಿ //ಲೇಖಕ | //ಸಂಪಾದಕ ಎಂದು ನಡುವೆ ನಿಂತ ಗೆರೆ ಹಾಕುವುದೇ ಸರಿ. ಆ್ಯಂಡ್ ಮತ್ತು ಆರ್ ಒಂದೇ ಸಾಲಿನಲ್ಲಿ ಕೂಡಿದಾಗ ಆ್ಯಂಡ್ ತನ್ನ ಎರಡು ಬದಿಗಳನ್ನು ಮೊದಲು ಕೂಡಿಸಿಕೊಳ್ಳುತ್ತದೆಯಾದ್ದರಿಂದ ದುಂಡು ಆವರಣಚಿಹ್ನೆ ಹಾಕುವುದೇ ಕ್ಷೇಮ.

ಆ್ಯಂಡ್ ಅಥವಾ ಆರ್‌ನ ಎಡಭಾಗದಲ್ಲೇ ಉತ್ತರ ತೀರ್ಮಾನವಾದಾಗ ಬಲಭಾಗವನ್ನು ನೋಡುವುದಿಲ್ಲವೆಂದು 1.0 ಭರವಸೆ ಕೊಡುತ್ತದೆ, 2.0 ಮತ್ತು ಅನಂತರದವು ಕೊಡುವುದಿಲ್ಲ. ಆದ್ದರಿಂದ ಬಲಭಾಗದಲ್ಲಿ ದೋಷ ಹುಟ್ಟಬಹುದಾದ ಲೆಕ್ಕವಿದ್ದರೆ, ಎಡಭಾಗದ ಪರೀಕ್ಷೆಯನ್ನು ಕಾವಲಿಗೆ ನಂಬದೆ ಇಫ್-ದೆನ್-ಎಲ್ಸ್ ಬರೆಯುವುದು ಒಳ್ಳೆಯದು.

ಪೈಥಾನ್ ಭಾಷೆಯ ಜೊತೆಗೇ ಬರುವ, ಎಕ್ಸ್‌ಎಂಎಲ್ ಓದುವ ಎಲಿಮೆಂಟ್‌ಟ್ರೀ ಲೈಬ್ರರಿಯಲ್ಲಿ ಈ ಚರ್ಚೆಗೆ ಹೆಚ್ಚು ಆಸ್ಪದವಿಲ್ಲ: ಆ್ಯಂಡ್, ಆರ್, ನಾಟ್ ಮೂರೂ ಅದಕ್ಕೆ ತಿಳಿಯವು. ಸಾಲು ಆವರಣಗಳು ಅಲ್ಲಿಯೂ ನಡೆಯುತ್ತವೆ. ಉಳಿದ ಸೋಸುವಿಕೆಯನ್ನು ಪೈಥಾನ್‌ನಲ್ಲೇ ಬರೆಯಬೇಕು, ಇಲ್ಲವೇ ಎಲ್‌ಎಕ್ಸ್‌ಎಂಎಲ್ ಎಂಬ ಬೇರೊಂದು ಪೈಥಾನ್ ಲೈಬ್ರರಿಗೆ ಬದಲಾಯಿಸಿಕೊಳ್ಳಬೇಕು.