ನೆಲ ಕಚ್ಚಿದ ಕ್ಲಚ್ ಪೆಡಲ್: ನಾನು ಮಾಡಿ ನೋಡಿದ ಮೂರು ದಾರಿ

ರೇಸ್ ಟ್ರ್ಯಾಕಿನಲ್ಲಿ ಗೇರ್ ಬದಲಿಸುವಾಗ ಒತ್ತಿದ ಕ್ಲಚ್ ಪೆಡಲ್ ಮೇಲೆ ಬಾರದೆ ನೆಲಕ್ಕೇ ಅಂಟಿಕೊಂಡರೆ ಏನು ಮಾಡಬೇಕು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ಪ್ರಿಂಗ್ ಬಿಚ್ಚುವ ದಾರಿಗೆ. ಕ್ಲಚ್ ಪೆಡಲಿನ ಹಿಂದೆ ಒಂದು ದಪ್ಪ ಸ್ಪ್ರಿಂಗ್ ಇರುತ್ತದೆ. ಅದನ್ನು ತೆಗೆದು, ಕ್ಲಚ್ ಆಯಿಲನ್ನು ಆಗಾಗ ಬದಲಿಸುತ್ತಾ ಹೋದರೆ ನನ್ನಂಥವರಿಗೆ ಸಾಕು. ನಾಲ್ಕು ಟೈರಿನಷ್ಟು ದುಡ್ಡು ಸುರಿದು ಹಾಕಿಸಿದ ದೊಡ್ಡ ಮಾಸ್ಟರ್ ಸಿಲಿಂಡರನ್ನು (ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಸಿಲಿಂಡರ್) ಬಿಚ್ಚಿಸಿ ಕಪಾಟಿನಲ್ಲಿ ಇಟ್ಟಿದ್ದೇನೆ. ಅದೇ ದಾರಿ ಹಿಡಿಯಲು ಹೊರಟವರು ಒಮ್ಮೆ ಇದನ್ನು ಓದಿ.

ನನ್ನ ಕಾರು ಸುಮಾರು 450 ಕುದುರೆಶಕ್ತಿಯದು. ಪವರ್ ಹಿಂದಿನ ಚಕ್ರಗಳಿಗೆ, ಗೇರ್‌ಬಾಕ್ಸ್ ಆರು ಗೇರಿನ ಮ್ಯಾನುಯಲ್. ರಸ್ತೆಯಲ್ಲಿ ಒಂದು ದಿನವೂ ತಕರಾರು ಮಾಡಿದ್ದಿಲ್ಲ. ಟ್ರ್ಯಾಕಿಗೆ ಇಳಿಸಿದ ಮೊದಲ ದಿನವೇ, ನಾಲ್ಕನೇ ಲ್ಯಾಪಿನಲ್ಲಿ, ಗೊತ್ತಾಯಿತು. ಉದ್ದನೆಯ ನೇರ ದಾರಿ, ಮೂರನೇ ಗೇರು, ಮುಳ್ಳು 7000 ಆರ್‌ಪಿಎಂ ಹತ್ತಿರ. ಕ್ಲಚ್ ಒತ್ತಿದೆ, ನಾಲ್ಕಕ್ಕೆ ಹಾಕಿದೆ, ಕಾಲು ಎತ್ತಿದೆ. ಕಾಲು ಮೇಲೆ ಬಂತು, ಪೆಡಲ್ ಬರಲಿಲ್ಲ. ಎಂಜಿನ್ ಒಂದು ಕಡೆ ಕಿರುಚುತ್ತಿದೆ, ಕಾರು ತನ್ನ ಪಾಡಿಗೆ ತಾನು ಉರುಳುತ್ತಿದೆ, ಮುಂದಿನ ತಿರುವು ಹತ್ತಿರವಾಗುತ್ತಿದೆ. ಎಡಗಾಲಿನ ಶೂ ತುದಿಯನ್ನು ಪೆಡಲ್ ಕೆಳಗೆ ತೂರಿಸಿ ಮೇಲಕ್ಕೆ ಎತ್ತಿದೆ. ಆಗ ಹಿಂದಿನ ಚಕ್ರಗಳು ಧಡ್ ಅಂತ ಕಚ್ಚಿಕೊಂಡವು. ಅದೇ ತಿರುವಿನ ಮಧ್ಯೆ ಆಗಿದ್ದರೆ ಕಾರು ಸುತ್ತು ಹೊಡೆಯುತ್ತಿತ್ತು.

ಟ್ರ್ಯಾಕ್ ಪಕ್ಕದಲ್ಲಿ ಕಾರು ನಿಲ್ಲಿಸುವ ಪಿಟ್‌ಗೆ ಬಂದು ಹತ್ತು ನಿಮಿಷ ನಿಲ್ಲಿಸಿದೆ. ಪೆಡಲ್ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಸರಿಯಾಯಿತು. ಈ ಕಾಯಿಲೆ ಹೀಗೇ. ಮೆಕ್ಯಾನಿಕ್ ಮುಂದೆ ಕಾರು ನಿಲ್ಲಿಸಿದಾಗ ತೋರಿಸಿಕೊಳ್ಳುವುದೇ ಇಲ್ಲ.

ಕಾರಣ ಒಂದಲ್ಲ, ಎರಡು ಮೂರು ಸೇರಿಕೊಂಡಿವೆ. ಪೆಡಲ್ ಮೇಲೆ ಬರುವುದು ಮುಖ್ಯವಾಗಿ, ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಡಯಾಫ್ರಮ್ ಸ್ಪ್ರಿಂಗ್ (ಎಸಳೆಸಳಾದ ತಟ್ಟೆಯಂಥ ಸ್ಪ್ರಿಂಗ್) ತಳ್ಳುವುದರಿಂದ. ಅದು ಪೈಪಿನ ಇನ್ನೊಂದು ತುದಿಯಲ್ಲಿ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರನ್ನು ಹಿಂದಕ್ಕೆ ತಳ್ಳುತ್ತದೆ, ಆಯಿಲ್ ಮಾಸ್ಟರ್ ಸಿಲಿಂಡರಿಗೆ ವಾಪಸ್ ಬರುತ್ತದೆ, ಪೆಡಲ್ ಏಳುತ್ತದೆ. ಆರ್‌ಪಿಎಂ ಜಾಸ್ತಿಯಾದಾಗ ಡಯಾಫ್ರಮ್ ಎಸಳುಗಳು ಜೋರಾಗಿ ತಿರುಗುವ ರಭಸಕ್ಕೆ ಅವುಗಳ ತಳ್ಳುವ ಬಲ ಕಮ್ಮಿಯಾಗುತ್ತದೆ. ಇನ್ನು ಪೆಡಲ್ ಹಿಂದಿನ ಸ್ಪ್ರಿಂಗ್. ರಸ್ತೆಯಲ್ಲಿ ಕ್ಲಚ್ ಹಗುರವಾಗಲಿ ಅಂತ ಇಟ್ಟಿರುವ ಸ್ಪ್ರಿಂಗ್ ಅದು. ಪೆಡಲ್ ಅರ್ಧ ದಾಟಿದ ಮೇಲೆ ಅದು ನಮ್ಮ ಕಾಲಿನ ಜೊತೆ ಸೇರಿ ಪೆಡಲನ್ನು ಕೆಳಕ್ಕೇ ಒತ್ತುತ್ತದೆ. ಕೆಳಗಿಂದ ತಳ್ಳುವ ಬಲ ಕಮ್ಮಿ, ಮೇಲಿಂದ ಒತ್ತುವ ಸ್ಪ್ರಿಂಗ್ ಹಾಗೇ ಇದೆ. ಪೆಡಲ್ ನೆಲ ಬಿಟ್ಟು ಏಳುವುದು ಹೇಗೆ ಹೇಳಿ?

ಮೂರನೆಯದು ಬಿಸಿ. ನನ್ನ ಕಾರಿನಲ್ಲಿ ಸ್ಲೇವ್ ಸಿಲಿಂಡರ್ ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚಿರುವ ಕವಚ) ಒಳಗೆ, ಗೇರ್‌ಬಾಕ್ಸ್ ಶಾಫ್ಟಿನ ಸುತ್ತ ಕೂತಿದೆ. ಕ್ಲಚ್ ಪ್ಲೇಟಿನ ಬಿಸಿ, ಧೂಳು ಎರಡೂ ನೇರ ಅದಕ್ಕೇ. ಆಯಿಲ್ ಕುದಿದು ಆವಿಯ ಗುಳ್ಳೆ ಬಂದರೆ ಬಲ ಗುಳ್ಳೆಯನ್ನು ಅಮುಕುವುದರಲ್ಲೇ ಮುಗಿದುಹೋಗುತ್ತದೆ.

ನಾನು ಮೊದಲು ಹಿಡಿದದ್ದು ಆಯಿಲ್ ದಾರಿ. ಕ್ಲಚ್‌ಗೂ ಬ್ರೇಕ್ ಆಯಿಲೇ ತಾನೇ. ಡಾಟ್ ಅನ್ನುವುದು ಈ ಆಯಿಲಿನ ದರ್ಜೆ. ಡಾಟ್ 4 ಅಂದರೆ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೀರು ಹೀರಿಕೊಂಡ ಮೇಲೆ 155 ಡಿಗ್ರಿ. ಡಾಟ್ 5.1ಕ್ಕೆ ಇದೇ ಲೆಕ್ಕ 260 ಮತ್ತು 180. ರೇಸಿಂಗ್ ಆಯಿಲ್‌ಗಳಲ್ಲಿ ಮೊಟುಲ್ ಆರ್‌ಬಿಎಫ್ 600 ಹೊಸದಾಗಿದ್ದಾಗ 312 ಡಿಗ್ರಿವರೆಗೆ ತಾಳುತ್ತದೆ. ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್ ಹೊಸದರಲ್ಲಿ 320, ನೀರು ಹೀರಿದ ಮೇಲೂ 270. ಎರಡನೆಯ ಅಂಕಿಯನ್ನೇ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಈ ಆಯಿಲ್ ಗಾಳಿಯಲ್ಲಿರುವ ತೇವವನ್ನು ಸದಾ ಹೀರುತ್ತಾ ಇರುತ್ತದೆ. ಡಬ್ಬದ ಮೇಲಿನ ದೊಡ್ಡ ಅಂಕಿ ಮುಚ್ಚಳ ತೆಗೆದ ದಿನದ್ದು ಮಾತ್ರ. (ಡಾಟ್ 5 ಸಿಲಿಕೋನ್ ಬೇರೆಯೇ ಜಾತಿ. ಇದರ ಜೊತೆ ಬೆರೆಸಲೇಬೇಡಿ.)

ನಾನು ಹಾಕಿದ್ದು ಆರ್‌ಬಿಎಫ್ 600. ನನ್ನ ಕಾರಿನಲ್ಲಿ ಸ್ಲೇವ್‌ನ ಬ್ಲೀಡರ್ (ಹಳೆ ಆಯಿಲ್ ಹೊರಬಿಡುವ ಸ್ಕ್ರೂ) ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಹಾಗಾಗಿ ಸಿರಿಂಜ್ ಕೆಲಸ. ಮೇಲಿನ ಡಬ್ಬಿಯಿಂದ ಹಳೆ ಆಯಿಲ್ ಎಳೆದು, ಹೊಸದು ತುಂಬಿಸಿ, ಪೆಡಲನ್ನು ಇಪ್ಪತ್ತು ಸಲ ಒತ್ತಿ, ಮತ್ತೆ ಎಳೆಯುವುದು. ಮೊದಲ ಸಿರಿಂಜಿನಲ್ಲಿ ಬಂದದ್ದು ಕಾಡಿಗೆ ಕಲಸಿದ ಹಾಗಿತ್ತು. ಸಿರಿಂಜನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ಸಣ್ಣ ಸಣ್ಣ ಕಪ್ಪು ಕಣ ತೇಲುತ್ತಿದ್ದವು. ಎಂಟು ಸಲ ಎಳೆದು ತುಂಬಿಸಿದ ಮೇಲೆ ಬಣ್ಣ ತಿಳಿಯಾಯಿತು. ಒಂದು ಹನಿಯೂ ಪೇಂಟ್ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ, ಪೇಂಟ್ ಎದ್ದುಬಿಡುತ್ತದೆ.

ಫಲ ಸಿಕ್ಕಿತಾ? ಅರ್ಧ ಸಿಕ್ಕಿತು. ನಾಲ್ಕನೇ ಲ್ಯಾಪಿಗೆ ಬರುತ್ತಿದ್ದ ತೊಂದರೆ ಎಂಟನೆಯದಕ್ಕೆ ಹೋಯಿತು. ಎರಡು ಟ್ರ್ಯಾಕ್ ದಿನ ಕಳೆಯುವಷ್ಟರಲ್ಲಿ ಆಯಿಲ್ ಮತ್ತೆ ಕಪ್ಪು.

ಆಮೇಲೆ ಬಂತು ದೊಡ್ಡ ಮಾಸ್ಟರ್ ಸಿಲಿಂಡರ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಹಳೆಯದರ ಬೋರ್, ಅಂದರೆ ಒಳ ವ್ಯಾಸ, 19.05 ಮಿ.ಮೀ., ಹೊಸದರದ್ದು 22.2 ಮಿ.ಮೀ. ನೋಡಲು ಮೂರು ಮಿಲಿಮೀಟರ್ ವ್ಯತ್ಯಾಸ ಅಷ್ಟೇ. ಆದರೆ ಲೆಕ್ಕಕ್ಕೆ ಬರುವುದು ವಿಸ್ತೀರ್ಣ, ಅದು ಸುಮಾರು 36 ಶೇಕಡಾ ಜಾಸ್ತಿ. ಪೆಡಲ್ ಅಷ್ಟೇ ಒತ್ತಿದರೂ ಆಯಿಲ್ 36 ಶೇಕಡಾ ಜಾಸ್ತಿ ಹೋಗುತ್ತದೆ, ಕಾಲಿಗೆ ಭಾರವೂ ಅಷ್ಟೇ ಏರುತ್ತದೆ. ಜೊತೆಗೆ ಸ್ಟೀಲ್ ಹೆಣಿಗೆಯ ಪೈಪೂ ಹಾಕಿಸಿದೆ. ರಬ್ಬರ್ ಪೈಪಿನ ಹಾಗೆ ಅದು ಉಬ್ಬುವುದಿಲ್ಲ. ಆ ಪೈಪಿನ ಬಗ್ಗೆ ದೂರಿಲ್ಲ, ಇವತ್ತಿಗೂ ಕಾರಿನಲ್ಲೇ ಇದೆ.

ಫಿಟ್ ಮಾಡಿಸಿಕೊಂಡು ಟ್ರ್ಯಾಕಿಗೆ ಹೋದೆ. ಮೂರು ಲ್ಯಾಪ್ ಚೆನ್ನಾಗಿತ್ತು, ಪೆಡಲ್ ಗಟ್ಟಿಯಾಗಿ ವಾಪಸ್ ಬರುತ್ತಿತ್ತು. ಐದನೆಯದರಲ್ಲಿ ಹೊಸ ತೊಂದರೆ ಶುರು. ನಾಲ್ಕನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ಆರ್‌ಪಿಎಂ ಮುಳ್ಳು ಸರ್ರನೆ ಏರುತ್ತದೆ, ವೇಗ ಏರುವುದಿಲ್ಲ. ಕ್ಲಚ್ ಜಾರುತ್ತಿದೆ. ಆರನೇ ಲ್ಯಾಪಿನಲ್ಲಿ ಸುಟ್ಟ ವಾಸನೆ ಒಳಗೆ ಬಂತು. ಪಿಟ್‌ಗೆ ತಂದು ನಿಲ್ಲಿಸಿದೆ. ತಣ್ಣಗಾದ ಮೇಲೆ ಸರಿಯಾಯಿತು, ಬಿಸಿಯಾದರೆ ಮತ್ತೆ ಜಾರುತ್ತದೆ.

ಕ್ಲಚ್ ಪ್ಲೇಟೇ ಹೋಯಿತು ಅಂತ ಎದೆ ಧಸಕ್ ಅಂದಿತ್ತು. ಪ್ಲೇಟ್ ಹೋಗಿರಲಿಲ್ಲ. ಮಾಸ್ಟರ್ ಸಿಲಿಂಡರ್ ಒಳಗೆ ಒಂದು ಸಣ್ಣ ತೂತು ಇರುತ್ತದೆ. ಪೆಡಲ್ ಪೂರ್ತಿ ಮೇಲಿದ್ದಾಗ ಅದು ತೆರೆದುಕೊಂಡು, ಬಿಸಿಗೆ ಹಿಗ್ಗಿದ ಆಯಿಲ್ ಡಬ್ಬಿಗೆ ವಾಪಸ್ ಹೋಗಲು ದಾರಿ ಕೊಡುತ್ತದೆ. ಫಿಟ್ ಮಾಡಿದವರು ಪುಶ್‌ರಾಡನ್ನು (ಪೆಡಲಿನಿಂದ ಪಿಸ್ಟನ್ನನ್ನು ತಳ್ಳುವ ಕಡ್ಡಿ) ಒಂದು ಚೂರೂ ಸಡಿಲ ಬಿಡದೆ ಬಿಗಿಯಾಗಿ ಕೂರಿಸಿದ್ದರು. ಪಿಸ್ಟನ್ ಕೂದಲೆಳೆಯಷ್ಟು ಮುಂದೆ ನಿಂತಿತ್ತು, ತೂತು ಮುಚ್ಚಿಕೊಂಡೇ ಇತ್ತು. ಲ್ಯಾಪ್ ಮೇಲೆ ಲ್ಯಾಪ್ ಆಯಿಲ್ ಬಿಸಿಯಾಗಿ ಹಿಗ್ಗಿತು. ಹೋಗಲು ಬೇರೆ ದಾರಿಯಿಲ್ಲದೆ ಅದು ಸ್ಲೇವ್ ಸಿಲಿಂಡರನ್ನೇ ತಳ್ಳಿತು. ಅಂದರೆ ಯಾರೋ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಕಾರು ಓಡಿಸಿದ ಹಾಗೆ. ಪುಶ್‌ರಾಡ್ ಹತ್ತಿರ ಒಂದು ಮಿಲಿಮೀಟರ್ ಸಡಿಲ ಬಿಡಿಸಿದೆ, ಪಾದದ ಹತ್ತಿರ ಅದು ಐದಾರು ಮಿಲಿಮೀಟರ್ ಆಗುತ್ತದೆ. ಜಾರುವುದು ಅಲ್ಲಿಗೆ ನಿಂತಿತು. ಒಂದು ಮಿಲಿಮೀಟರಿಗಾಗಿ ಒಂದು ಇಡೀ ಟ್ರ್ಯಾಕ್ ದಿನ ಕೈಬಿಟ್ಟಿತು, ಕ್ಲಚ್‌ನ ಆಯಸ್ಸೂ ಒಂದಷ್ಟು ಸವೆಯಿತು. ನೀವು ಯಾವ ಸಿಲಿಂಡರ್ ಹಾಕಿಸಿದರೂ ಗ್ಯಾರೇಜ್ ಬಿಡುವ ಮುಂಚೆ ಪೆಡಲನ್ನು ಒಂದು ಬೆರಳಿನಿಂದ ಒತ್ತಿ ನೋಡಿ. ಮೊದಲು ಸ್ವಲ್ಪ ದೂರ ಏನೂ ತಡೆ ಇಲ್ಲದೆ ಹೋಗಬೇಕು. ಹೋಗದಿದ್ದರೆ ಅಲ್ಲೇ ಸರಿ ಮಾಡಿಸಿ.

ಅದು ಸರಿಯಾದ ಮೇಲೂ ನನಗೆ ಒಗ್ಗಲಿಲ್ಲ. ಪೆಡಲ್ ನೆಲ ಕಚ್ಚುವುದು ನಿಂತಿತು, ಅದನ್ನು ಒಪ್ಪಲೇಬೇಕು. ಆದರೆ ಕ್ಲಚ್ ಹಿಡಿಯುವ ಜಾಗ ಚಿಕ್ಕದಾಯಿತು. ಪೂರ್ತಿ ನೆಲಕ್ಕೆ ಒತ್ತಿದರೆ ಡಯಾಫ್ರಮನ್ನು ಮಿತಿ ಮೀರಿ ತಳ್ಳುತ್ತದೆ, ಅದಕ್ಕೆ ಪೆಡಲ್ ಕೆಳಗೆ ಒಂದು ತಡೆ ಬೇರೆ ಕೂರಿಸಬೇಕು. ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಕಳೆದರೆ ಎಡ ಮೊಣಕಾಲು ನೋಯುತ್ತಿತ್ತು. ಕೆಲಸಕ್ಕೆ ಹೋಗುವುದೂ ಇದೇ ಕಾರಿನಲ್ಲಿ.

ಕೊನೆಗೆ ಹಳೆ ಸಿಲಿಂಡರನ್ನೇ ವಾಪಸ್ ಹಾಕಿಸಿ, ಪೆಡಲ್ ಹಿಂದಿನ ಸ್ಪ್ರಿಂಗ್ ಬಿಚ್ಚಿದೆ. ಸೀಟ್ ಹಿಂದಕ್ಕೆ ಸರಿಸಿ, ತಲೆ ಕೆಳಗೆ ಮಾಡಿ ಡ್ಯಾಶ್‌ಬೋರ್ಡ್ ಅಡಿಗೆ ತೂರಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ನಲವತ್ತು ನಿಮಿಷದ ಕೆಲಸ. ಸ್ಪ್ರಿಂಗ್ ಬಿಗಿಯಾಗಿರುತ್ತದೆ, ಕಣ್ಣಿಗೆ ಕನ್ನಡಕ ಇರಲಿ.

ಮೊದಲ ಸಲ ಒತ್ತಿದಾಗಲೇ ವ್ಯತ್ಯಾಸ ತಿಳಿಯಿತು. ಪೆಡಲ್ ಸ್ವಲ್ಪ ಭಾರ, ಆದರೆ ಮೇಲಿಂದ ಕೆಳಗಿನವರೆಗೂ ಒಂದೇ ಸಮ. ಮಧ್ಯದಲ್ಲಿ ದಿಢೀರನೆ ಹಗುರವಾಗಿ ಕುಸಿಯುವುದಿಲ್ಲ. ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ಪಾದಕ್ಕೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಬ್ರೇಕ್ ಒತ್ತುತ್ತಲೇ ಹಿಮ್ಮಡಿಯಿಂದ ಆಕ್ಸಿಲರೇಟರ್ ತಟ್ಟಿ ಗೇರ್ ಇಳಿಸುವಾಗ ಇದು ತುಂಬಾ ಉಪಕಾರಿ. ಐದರಿಂದ ನಾಲ್ಕಕ್ಕೆ ಇಳಿಸುವ ಬದಲು ಎರಡಕ್ಕೆ ಹಾಕಿ ಕ್ಲಚ್ ಬಿಟ್ಟರೆ ಆರ್‌ಪಿಎಂ ಮಿತಿ ಮೀರದಂತೆ ತಡೆಯುವ ರೆವ್ ಲಿಮಿಟರ್ ಕೂಡ ಎಂಜಿನ್ ಉಳಿಸಲಾರದು, ಚಕ್ರಗಳೇ ಅದನ್ನು ತಿರುಗಿಸುತ್ತವೆ. ಪೆಡಲ್ ಮೇಲೆ ನಂಬಿಕೆ ಇದ್ದಾಗ ಕೈಯೂ ಗಾಬರಿಯಾಗುವುದಿಲ್ಲ.

ಒಂದು ಸಣ್ಣ ಕಿರಿಕಿರಿ ಇತ್ತು. ಆ ಸ್ಪ್ರಿಂಗ್ ಕೆಳಗೆ ಒತ್ತುವುದರ ಜೊತೆಗೆ, ಪೆಡಲ್ ಮೇಲಿದ್ದಾಗ ಅದನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ ಕೂಡ. ಬಿಚ್ಚಿದ ಮೇಲೆ ಪೆಡಲ್ ತುದಿಯಲ್ಲಿ ಸಡಿಲವಾಗಿ ಅಲ್ಲಾಡಿತು, ಪೆಡಲ್ ಮೇಲಿದೆ ಅಂತ ತಿಳಿಸುವ ಕ್ಲಚ್ ಸ್ವಿಚ್ ಸರಿಯಾಗಿ ಒತ್ತಲಿಲ್ಲ, ಹಾಗಾಗಿ ವೇಗವನ್ನು ತಾನೇ ಕಾಯುವ ಕ್ರೂಸ್ ಕಂಟ್ರೋಲ್ ಹಿಡಿಯಲಿಲ್ಲ. ಪೆಡಲ್ ಪೂರ್ತಿ ಮೇಲೆ ಬರದಿದ್ದರೆ ಮಾಸ್ಟರ್ ಸಿಲಿಂಡರಿನ ಅದೇ ತೂತು ಮತ್ತೆ ಮುಚ್ಚಿಕೊಳ್ಳುವ ಭಯ ಬೇರೆ. ಪೆಡಲನ್ನು ಮೇಲಕ್ಕೆ ಮಾತ್ರ ಎಳೆಯುವ ತೆಳು ಸ್ಪ್ರಿಂಗ್ ಒಂದನ್ನು ಸಿಕ್ಕಿಸಿದೆ. ಎರಡೂ ಚಿಂತೆ ಹೋದವು.

ಆಮೇಲೆ ಆರು ಟ್ರ್ಯಾಕ್ ದಿನ ಆಗಿವೆ. ಇಪ್ಪತ್ತು ನಿಮಿಷದ ಓಟಗಳಲ್ಲಿ ಒಮ್ಮೆಯೂ ಪೆಡಲ್ ಕೆಳಗೆ ಉಳಿದಿಲ್ಲ.

ವಾರಕ್ಕೊಮ್ಮೆ ಟ್ರ್ಯಾಕಿಗೆ ಹೋಗುವವರು, ಎರಡು ಪ್ಲೇಟಿನ ಗಟ್ಟಿ ಕ್ಲಚ್ ಹಾಕಿಸಿಕೊಂಡವರು, ಟ್ರೇಲರ್ ಮೇಲೆ ಕಾರು ಒಯ್ಯುವವರು ದೊಡ್ಡ ಸಿಲಿಂಡರ್ ಹಾಕಿಸಲಿ, ಅವರಿಗೆ ಅದು ಸರಿ. ತಿಂಗಳಿಗೆ ಒಂದೋ ಎರಡೋ ದಿನ ಹೋಗಿ, ಅದೇ ಕಾರಿನಲ್ಲಿ ಮನೆಗೆ ಬರುವವರಿಗೆ ಬೇಡ. ಬರೀ ಆಯಿಲ್ ಬದಲಿಸಿ ಸುಮ್ಮನಾಗುವುದೂ ಸಾಲದು. ಎಸ್‌ಆರ್‌ಎಫ್ ಖಂಡಿತ ಒಳ್ಳೆಯ ಆಯಿಲ್. ಆದರೆ ಧೂಳಿನಿಂದ ಕಪ್ಪಾಗುವ ಆಯಿಲನ್ನು ಎರಡು ಟ್ರ್ಯಾಕ್ ದಿನಕ್ಕೊಮ್ಮೆ ಎಳೆದು ಹಾಕುವ ನನಗೆ ಅಷ್ಟು ದುಬಾರಿಯದು ಕೈಗೆ ಹತ್ತುವುದಿಲ್ಲ. ಆರ್‌ಬಿಎಫ್ ಸಾಕು.

ಈಗ ಟ್ರ್ಯಾಕ್ ದಿನದ ಹಿಂದಿನ ಸಂಜೆ ಸಿರಿಂಜ್ ತೆಗೆದುಕೊಂಡು ಕೂರುತ್ತೇನೆ. ಒಂದು ಹನಿಯನ್ನು ಬಿಳಿ ಬಟ್ಟೆ ಮೇಲೆ ಬಿಟ್ಟು ನೋಡುತ್ತೇನೆ. ಕಲೆ ತಿಳಿ ಹಳದಿ ಇದ್ದರೆ ಮುಚ್ಚಳ ಹಾಕಿ ಎದ್ದುಬಿಡುತ್ತೇನೆ. ಬೂದು ತಿರುಗಿದ್ದರೆ ಹೊಸ ಡಬ್ಬದ ಸೀಲ್ ಒಡೆಯುತ್ತೇನೆ.